ಎನ್‌ಪಿಎಚ್ ಎಂದುಕೊಂಡು ಷಂಟ್ ಹಾಕಿಸಿದ ಒಂದು ಪ್ರಕರಣ

ಇದು ನಾನೇ ಎಡವಿದ ಒಂದು ರೋಗನಿರ್ಣಯದ ವಿವರ. ರೋಗಿಯ ಗುರುತು ಹತ್ತಬಾರದೆಂದು ಊರು, ವಯಸ್ಸು ಮತ್ತು ಕೆಲವು ಅಂಕಿಗಳನ್ನು ಬದಲಾಯಿಸಿದ್ದೇನೆ. ಇದೇ ದಾರಿಯಲ್ಲಿ ಬಂದ ಇನ್ನಿಬ್ಬರು ರೋಗಿಗಳಲ್ಲಿ ಕಂಡ ಒಂದೆರಡು ಸಂಗತಿಗಳೂ ಇದರಲ್ಲಿ ಬೆರೆತಿವೆ. ಕಾಯಿಲೆಯ ನಡೆ ಮಾತ್ರ ನಡೆದಂತೆಯೇ ಇದೆ.

ರೋಗಿ 71 ವರ್ಷದ ನಿವೃತ್ತ ಮುಖ್ಯೋಪಾಧ್ಯಾಯರು. ಮಲೆನಾಡಿನ ಹಳ್ಳಿಯೊಂದರಲ್ಲಿ ಮನೆ; ಮನೆಯ ಹಿಂದೆ ಇಳಿಜಾರಿನಲ್ಲಿ ಎರಡು ಎಕರೆ ಅಡಿಕೆ ತೋಟ. ರಕ್ತದೊತ್ತಡಕ್ಕೆ ಹತ್ತು ವರ್ಷದಿಂದ ಮಾತ್ರೆ, ಸಕ್ಕರೆ ಕಾಯಿಲೆ ಇಲ್ಲ. ನನ್ನ ಬಳಿಗೆ ಬರುವ ಹೊತ್ತಿಗೆ ಹದಿನಾಲ್ಕು ತಿಂಗಳಿಂದ ನಡಿಗೆ ನಿಧಾನವಾಗಿತ್ತು. ಹೆಜ್ಜೆ ಚಿಕ್ಕದಾಗಿ, ಕಾಲು ನೆಲಕ್ಕೆ ಅಂಟಿದಂತಾಗಿ, ತಿರುಗುವಾಗ ನಾಲ್ಕೈದು ಪುಟ್ಟ ಹೆಜ್ಜೆ ಇಡಬೇಕಾಗುತ್ತಿತ್ತು. ಆರು ತಿಂಗಳಿಂದ ಮೂತ್ರ ಬಂತೆಂದರೆ ತಡೆಯಲಾಗುತ್ತಿರಲಿಲ್ಲ. ಮಾತು ಕಡಿಮೆಯಾಗಿತ್ತು, ಕೇಳಿದ ಪ್ರಶ್ನೆಗೆ ಉತ್ತರ ಬರುತ್ತಿತ್ತು, ಆದರೆ ತಡವಾಗಿ. ತೋಟದ ಲೆಕ್ಕವನ್ನು ಮಗಳೇ ನೋಡಿಕೊಳ್ಳತೊಡಗಿದ್ದರು.

ನಡಿಗೆ, ಮೂತ್ರ, ಬುದ್ಧಿ ಈ ಮೂರೂ ಒಟ್ಟಿಗೆ ಕೆಟ್ಟ ಹಿರಿಯರೊಬ್ಬರು ಎದುರು ಕುಳಿತಾಗ ನರರೋಗ ತಜ್ಞನ ಮನಸ್ಸು ಒಂದೇ ಕಡೆ ಓಡುತ್ತದೆ. ಅದು ನಾರ್ಮಲ್ ಪ್ರೆಷರ್ ಹೈಡ್ರೊಸೆಫಾಲಸ್, ಅಂದರೆ ಎನ್‌ಪಿಎಚ್. ನಮ್ಮ ಜನರ ಮಾತಿನಲ್ಲಿ 'ಮಿದುಳಲ್ಲಿ ನೀರು ತುಂಬಿದೆ'. ಮಿದುಳಿನೊಳಗಿನ ಕುಹರಗಳು ದ್ರವ ತುಂಬಿ ಹಿಗ್ಗಿರುತ್ತವೆ, ಆದರೆ ಬೆನ್ನಿನಿಂದ ಸೂಜಿ ಹಾಕಿ ಅಳೆದರೆ ಒತ್ತಡ ಹೆಚ್ಚೇನೂ ಇರುವುದಿಲ್ಲ. ಕೊಲಂಬಿಯಾದ ಬೊಗೋಟಾದಲ್ಲಿ ನರಶಸ್ತ್ರಚಿಕಿತ್ಸಕ ಸಾಲೊಮನ್ ಹಕೀಮ್ ಮೊದಲು ಗಮನಿಸಿ, ಬಾಸ್ಟನ್ನಿನ ರೇಮಂಡ್ ಆಡಮ್ಸ್ ಮತ್ತಿತರರ ಜೊತೆ 1965ರಲ್ಲಿ ಪ್ರಕಟಿಸಿದ ಈ ಕಾಯಿಲೆಗೆ ಆಗಿನಿಂದಲೂ ಒಂದು ವಿಶೇಷ ಆಕರ್ಷಣೆ ಅಂಟಿಕೊಂಡಿದೆ. ಬುದ್ಧಿ ಕುಗ್ಗಿಸುವ ಕಾಯಿಲೆಗಳ ಸಾಲಿನಲ್ಲಿ ಶಸ್ತ್ರಚಿಕಿತ್ಸೆಯಿಂದ ಸುಧಾರಿಸಬಹುದಾದದ್ದು ಇದೊಂದೇ ಎಂಬ ಆಸೆ ಅದು. ಕುಹರದಿಂದ ಹೊಟ್ಟೆಗೆ ಚರ್ಮದ ಕೆಳಗೇ ಒಂದು ಸಣ್ಣ ಕೊಳವೆ, ಅಂದರೆ ಷಂಟ್ ಹಾಕಿದರೆ ಹೆಚ್ಚಿನ ದ್ರವ ಹರಿದುಹೋಗಿ ರೋಗಿ ಎದ್ದು ನಡೆಯುತ್ತಾನೆ. ಅಲ್ಜೈಮರ್ಸ್ ಎಂದು ಹೇಳಿ ಹೇಳಿ ಬಳಲಿದ ವೈದ್ಯನಿಗೆ ಎನ್‌ಪಿಎಚ್ ಎಂದು ಹೇಳುವುದರಲ್ಲಿ ಒಂದು ಸಂತೋಷವಿದೆ. ಆ ಸಂತೋಷವೂ ಈ ಪ್ರಕರಣದಲ್ಲಿ ಪಾತ್ರ ವಹಿಸಿತು ಎಂದೇ ನನಗನ್ನಿಸುತ್ತದೆ.

ಮೊದಲ ಭೇಟಿಯಲ್ಲಿ ಕಂಡದ್ದು

ಮೇಷ್ಟ್ರು ಊರಿನ ಹತ್ತಿರದ ಪಟ್ಟಣದಲ್ಲಿ ಮಾಡಿಸಿದ ಸಿ.ಟಿ. ಸ್ಕ್ಯಾನ್ ಹಿಡಿದು ಬಂದಿದ್ದರು. ವರದಿಯ ಕೊನೆಯಲ್ಲಿ 'ಎನ್‌ಪಿಎಚ್ ಇರಬಹುದು' ಎಂದಿತ್ತು. ನಾನು ಎಂಆರ್‌ಐ ಮಾಡಿಸಿದೆ. ಎರಡೂ ಬದಿಯ ಕುಹರಗಳ ಮುಂಭಾಗದ ಅಗಲವನ್ನು ತಲೆಬುರುಡೆಯ ಒಳ ಅಗಲದಿಂದ ಭಾಗಿಸಿದರೆ ಬರುವ ಇವಾನ್ಸ್ ಸೂಚ್ಯಂಕ 0.34 ಇತ್ತು. 0.3ಕ್ಕಿಂತ ಹೆಚ್ಚಾದರೆ ಕುಹರ ಹಿಗ್ಗಿದೆ ಎಂದು ಲೆಕ್ಕ. ಕುಹರಗಳ ಮೇಲೆ ಮಿದುಳಿನ ಎರಡು ಅರ್ಧಗಳನ್ನು ಜೋಡಿಸುವ ಪಟ್ಟಿಯ ಕೆಳಗೆ ಅಳೆಯುವ ಕೋನ 98 ಡಿಗ್ರಿ. ಎನ್‌ಪಿಎಚ್‌ನಲ್ಲಿ ಇದು ಸಾಮಾನ್ಯವಾಗಿ 90ಕ್ಕಿಂತ ಕಡಿಮೆ ಇರುತ್ತದೆ. ಮಿದುಳು ಸವೆದು ಕುಹರ ದೊಡ್ಡದಾಗಿದ್ದರೆ ಅದಕ್ಕಿಂತ ಸಾಕಷ್ಟು ಹೆಚ್ಚು. 98 ಎಂದರೆ ಇತ್ತಲೂ ಅಲ್ಲ, ಅತ್ತಲೂ ಅಲ್ಲ. ಎನ್‌ಪಿಎಚ್ ಆಗಿದ್ದರೆ ನೆತ್ತಿಯ ಬಳಿ ಮಿದುಳಿನ ಮಡಿಕೆಗಳು ಒತ್ತೊತ್ತಾಗಿ ಮುಚ್ಚಿಕೊಂಡಿರಬೇಕಿತ್ತು. ಇಲ್ಲಿ ತಕ್ಕಮಟ್ಟಿಗೆ ತೆರೆದೇ ಇದ್ದವು. ಬಿಳಿ ಭಾಗದಲ್ಲಿ ರಕ್ತದೊತ್ತಡದ ರೋಗಿಗಳಲ್ಲಿ ಕಾಣುವ ಅಲ್ಪಸ್ವಲ್ಪ ಚುಕ್ಕೆಗಳಿದ್ದವು.

ಈಗ ಹಿಂತಿರುಗಿ ನೋಡಿದರೆ ಚಿತ್ರ ಅರೆಮನಸ್ಸಿನದಾಗಿತ್ತು. ಆಗ ನನಗೆ ಹಾಗೆ ಕಾಣಲಿಲ್ಲ, ಏಕೆಂದರೆ ರೋಗಿಯನ್ನು ಮುಟ್ಟುವ ಮೊದಲೇ ವರದಿಯ ಕೊನೆಯ ಸಾಲನ್ನು ಓದಿದ್ದೆ.

ಮುಂದಿನ ಹೆಜ್ಜೆ ಟ್ಯಾಪ್ ಪರೀಕ್ಷೆ. ಬೆನ್ನಿನಿಂದ 30ರಿಂದ 50 ಮಿ.ಲೀ. ದ್ರವ ತೆಗೆದು, ತೆಗೆಯುವ ಮೊದಲು ಮತ್ತು ನಂತರ ನಡೆಸಿ ನೋಡುವುದು. ಮೇಷ್ಟ್ರಿಂದ 40 ಮಿ.ಲೀ. ತೆಗೆದೆವು. ಹತ್ತು ಮೀಟರ್ ನಡೆಯಲು ಮೊದಲು 21 ಸೆಕೆಂಡು, 26 ಹೆಜ್ಜೆ. ನಾಲ್ಕು ಗಂಟೆಯ ನಂತರ 16 ಸೆಕೆಂಡು, 21 ಹೆಜ್ಜೆ. ವಾರ್ಡಿನ ಕಾರಿಡಾರಿನಲ್ಲಿ ಮಗಳು ಮೊಬೈಲಿನಲ್ಲಿ ವಿಡಿಯೊ ತೆಗೆದುಕೊಂಡರು. ಅಳಿಯ ಅಂದೇ ಶಸ್ತ್ರಚಿಕಿತ್ಸೆಯ ಖರ್ಚು ವಿಚಾರಿಸಿದರು. ನರಶಸ್ತ್ರಚಿಕಿತ್ಸಕರಿಗೆ ಪತ್ರ ಬರೆದವನು ನಾನೇ, ಮತ್ತು ಆ ಪತ್ರದಲ್ಲಿ ಅನುಮಾನದ ಒಂದು ಪದವೂ ಇರಲಿಲ್ಲ.

ಮೊದಲ ಭೇಟಿಯ ನನ್ನ ಟಿಪ್ಪಣಿ ಇನ್ನೂ ಕಡತದಲ್ಲಿದೆ. 'ಬೀಳುವಿಕೆ: ಹೌದು, ನಾಲ್ಕೈದು ಸಲ' ಎಂದಿದೆ. ಎತ್ತ ಬಿದ್ದರು ಎಂಬುದು ಆ ಹಾಳೆಯಲ್ಲಿ ಇಲ್ಲ. 'ಕಣ್ಣಿನ ಚಲನೆ: ಸರಿಯಿದೆ' ಎಂದೂ ಇದೆ. ನನ್ನ ಬೆರಳನ್ನು ಅತ್ತಿತ್ತ ನಿಧಾನವಾಗಿ ಆಡಿಸಿ, ಅವರ ಕಣ್ಣು ಅದನ್ನು ಹಿಂಬಾಲಿಸಿದ್ದನ್ನು ನೋಡಿ ಬರೆದ ಸಾಲು ಅದು. ಆ ಪರೀಕ್ಷೆ ಈ ಪ್ರಶ್ನೆಗೆ ಸಾಲದು ಎಂದು ಕಿರಿಯ ವೈದ್ಯರಿಗೆ ಪಾಠ ಹೇಳುವಾಗ ನಾನೇ ಹೇಳುತ್ತಿದ್ದೆ.

ಷಂಟ್ ನಂತರದ ಎಂಟು ತಿಂಗಳು

ಹೊರಗಿನಿಂದಲೇ ಕಾಂತದ ಸಾಧನದಿಂದ ಒತ್ತಡ ಹೊಂದಿಸಬಹುದಾದ ವಾಲ್ವ್ ಇರುವ ಷಂಟ್ ಹಾಕಿದರು. ಶಸ್ತ್ರಚಿಕಿತ್ಸೆ ಸುಗಮವಾಗಿ ನಡೆಯಿತು. ಆರು ವಾರಕ್ಕೆ ಬಂದಾಗ ಹತ್ತು ಮೀಟರಿಗೆ 15 ಸೆಕೆಂಡು. ಮೇಷ್ಟ್ರು ನಗಲಿಲ್ಲ, ಆದರೆ ಮನೆಯವರೆಲ್ಲ ನಗುತ್ತಿದ್ದರು. ಮೂರನೆಯ ತಿಂಗಳಲ್ಲೂ ಪರವಾಗಿಲ್ಲ ಎಂದರು. ಐದನೆಯ ತಿಂಗಳಲ್ಲಿ ಎರಡು ಸಲ ಬಿದ್ದರು, ಒಮ್ಮೆ ಹಿಂದಲೆಗೆ ಹೊಲಿಗೆ ಬಿತ್ತು. ವಾಲ್ವಿನ ಒತ್ತಡ ಇಳಿಸಿ ಇನ್ನಷ್ಟು ದ್ರವ ಹರಿಯುವಂತೆ ಮಾಡಲಾಯಿತು. ಆರನೆಯ ತಿಂಗಳ ಸಿ.ಟಿ.ಯಲ್ಲಿ ಮಿದುಳಿನ ಎರಡೂ ಬದಿ ಹೊರಪೊರೆಯ ಕೆಳಗೆ ತೆಳುವಾಗಿ ದ್ರವ ಮತ್ತು ರಕ್ತ ಸೇರಿತ್ತು. ಹೆಚ್ಚು ಹರಿದರೆ ಹೀಗಾಗುತ್ತದೆ. ಬೀಳುವ ರೋಗಿಯಲ್ಲಿ ಇನ್ನೂ ಬೇಗ. ವಾಲ್ವನ್ನು ಮತ್ತೆ ಏರಿಸಿದೆವು. ಅದು ತಾನಾಗಿ ಕರಗಿತು, ನಡಿಗೆ ಮಾತ್ರ ಹಿಂದಿಗಿಂತ ಕೆಟ್ಟಿತು.

ಷಂಟ್ ಕಟ್ಟಿಕೊಂಡಿದೆಯೇ ಎಂಬುದು ಎಲ್ಲರ ಪ್ರಶ್ನೆಯಾಗಿತ್ತು. ಕೊಳವೆಯ ಪರೀಕ್ಷೆಗೆ ತಯಾರಿ ನಡೆದಿದ್ದಾಗ ಮಗಳು ಒಂದು ಮಾತು ಹೇಳಿದರು. ಅದನ್ನು ದೂರು ಎಂದೂ ಹೇಳಲಿಲ್ಲ, ಮನೆಯ ಕಿರಿಕಿರಿ ಎಂಬಂತೆ ಹೇಳಿದರು. "ಡಾಕ್ಟ್ರೇ, ಅಪ್ಪಯ್ಯ ಊಟಕ್ಕೆ ಕೂತ್ರೆ ಎಲೆ ಕಡೆ ನೋಡೋದೇ ಇಲ್ಲ. ಎದುರಿನ ಗೋಡೆ ನೋಡ್ತಾ ಅನ್ನ ಕಲಸ್ತಾರೆ. ಅರ್ಧ ಪಂಚೆ ಮೇಲೆ ಬಿದ್ದಿರತ್ತೆ. ಹೇಳಿದ್ರೆ ಕೋಪ."

ನೆಲದ ಮೇಲೆ ಮಣೆ ಹಾಕಿ, ಮುಂದೆ ಬಾಳೆ ಎಲೆ ಹಾಸಿ ಉಣ್ಣುವ ಮನೆ ಅದು. ಅಷ್ಟು ಕೆಳಗಿನ ಎಲೆಯನ್ನು ನೋಡಬೇಕಾದರೆ ಕಣ್ಣು ಚೆನ್ನಾಗಿ ಕೆಳಗಿಳಿಯಬೇಕು. ಮೇಜಿನ ಮೇಲೆ ಉಣ್ಣುವವರಲ್ಲಿ ಇದು ಇನ್ನೂ ಕೆಲ ತಿಂಗಳು ಬೆಳಕಿಗೆ ಬರುತ್ತಿರಲಿಲ್ಲವೇನೋ. ಆಮೇಲೆ ಒಂದೊಂದೇ ಕೇಳಿದೆ. ತೋಟಕ್ಕಿಳಿಯುವ ಕಲ್ಲುಮೆಟ್ಟಿಲನ್ನು ವರ್ಷದ ಹಿಂದೆಯೇ ಬಿಟ್ಟಿದ್ದರು. ಹತ್ತುವುದು ಕಷ್ಟವಿರಲಿಲ್ಲ, ಇಳಿಯುವುದಾಗುತ್ತಿರಲಿಲ್ಲ. ದಿನಪತ್ರಿಕೆಯ ಮೇಲಿನ ಅರ್ಧ ಓದಿ ಮಡಚಿಡುತ್ತಿದ್ದರು. ಬಿದ್ದದ್ದೆಲ್ಲ ಹಿಂದಕ್ಕೆ, ಕಡಿದ ಮರ ಬಿದ್ದ ಹಾಗೆ, ಕೈ ಕೂಡ ಊರದೆ. ಮೊದಲ ಸಲ ಬಿದ್ದದ್ದು ಕಾಯಿಲೆ ಶುರುವಾದ ನಾಲ್ಕನೆಯ ತಿಂಗಳಲ್ಲಿ, ಕುರ್ಚಿಯಿಂದ ದಡಕ್ಕನೆ ಎದ್ದಾಗ. ಇದನ್ನೆಲ್ಲ ಮನೆಯವರು ಬಚ್ಚಿಟ್ಟಿರಲಿಲ್ಲ, ನಾನು ಕೇಳಿರಲಿಲ್ಲ.

ಮರುಪರೀಕ್ಷೆ

ಈ ಸಲ ಕಣ್ಣಿನಿಂದಲೇ ಶುರುಮಾಡಿದೆ. ಬೆರಳನ್ನು ಹಿಂಬಾಲಿಸುವ ಪರೀಕ್ಷೆಯ ಬದಲು, ಮೇಲೊಂದು ಕೆಳಗೊಂದು ಬೆರಳು ಹಿಡಿದು 'ಇದನ್ನು ನೋಡಿ, ಈಗ ಅದನ್ನು ನೋಡಿ' ಎಂದು ಕಣ್ಣು ಜಿಗಿಯುವಂತೆ ಮಾಡಿದೆ. ಎಡ-ಬಲಕ್ಕೆ ಜಿಗಿತ ಚುರುಕಾಗಿತ್ತು. ಮೇಲೆ-ಕೆಳಗೆ ಕಣ್ಣು ಜಿಗಿಯಲಿಲ್ಲ, ಎಣ್ಣೆಯಲ್ಲಿ ಜಾರಿದಂತೆ ಸಾಗಿತು. ಕೆಳಗಡೆ ಅರ್ಧದಾರಿಗೆ ನಿಂತೂಬಿಟ್ಟಿತು. ದರ್ಜಿಯ ಅಳತೆ ಟೇಪನ್ನು ಕಣ್ಣಿನ ಮುಂದೆ ಮೇಲಿನಿಂದ ಕೆಳಕ್ಕೆ ಎಳೆದಾಗ ಆರೋಗ್ಯವಂತರ ಕಣ್ಣು ಗೆರೆಯ ಜೊತೆ ಇಳಿದು ಚಕ್ಕನೆ ಹಿಂದಕ್ಕೆ ಹಾರುತ್ತದೆ; ಇವರದ್ದು ಹಾರಲಿಲ್ಲ. ನಂತರ ಎದುರಿನ ಒಂದು ಬಿಂದುವನ್ನು ನೋಡುತ್ತಿರಲು ಹೇಳಿ ತಲೆಯನ್ನು ನಾನೇ ಹಿಡಿದು ಮೇಲಕ್ಕೆತ್ತಿದೆ. ಆಗ ಕಣ್ಣುಗುಡ್ಡೆ ಪೂರ್ತಿ ಕೆಳಗಿಳಿಯಿತು. ಅಂದರೆ ಕಣ್ಣನ್ನು ಆಡಿಸುವ ಸ್ನಾಯುಗಳೂ ಅವುಗಳ ನರಗಳೂ ಸರಿಯಿವೆ. ಅವಕ್ಕೆ ಆಜ್ಞೆ ಕೊಡುವ ಮೇಲಿನ ದಾರಿ ಕೆಟ್ಟಿದೆ. ವಯಸ್ಸಾದವರಲ್ಲಿ ಮೇಲ್ನೋಟ ಸ್ವಲ್ಪ ಕಡಿಮೆಯಾಗುವುದು ಸಾಮಾನ್ಯ, ಅದಕ್ಕೆ ಹೆಚ್ಚು ಬೆಲೆ ಕೊಡಬಾರದು. ಕೆಳನೋಟ ಕುಗ್ಗಿದರೆ ಹಾಗಲ್ಲ.

ಹುಬ್ಬು ಮೇಲೇರಿ, ರೆಪ್ಪೆ ಅಪರೂಪಕ್ಕೆ ಬಡಿಯುತ್ತ, ಮುಖ ಏನೋ ಕಂಡು ಬೆರಗಾದಂತೆ ಇತ್ತು. ಕುತ್ತಿಗೆ ಬಿಗಿದಿತ್ತು, ಕೈಕಾಲು ಅಷ್ಟಾಗಿ ಬಿಗಿದಿರಲಿಲ್ಲ. ಕೈ ನಡುಕವಿಲ್ಲ. ಹಿಂದೆ ನಿಂತು ಭುಜ ಹಿಡಿದು ಎಳೆದಾಗ ಒಂದು ಹೆಜ್ಜೆಯನ್ನೂ ಹಿಂದಿಡದೆ ನನ್ನ ತೋಳಿಗೆ ಬಿದ್ದರು. ಮೂರು ಸಲ ಚಪ್ಪಾಳೆ ತಟ್ಟಿ ಎಂದರೆ ಏಳು ಸಲ ತಟ್ಟಿ ನಿಲ್ಲಿಸಿದರು. ಒಂದು ನಿಮಿಷದಲ್ಲಿ 'ಕ' ಅಕ್ಷರದಿಂದ ಶುರುವಾಗುವ ಪದಗಳನ್ನು ಹೇಳಿ ಎಂದಾಗ ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿದ ಮೇಷ್ಟ್ರ ಬಾಯಿಂದ 'ಕಮಲ, ಕತ್ತೆ, ಕಾಗೆ, ಕಲ್ಲು' ಎಂಬ ನಾಲ್ಕೇ ಪದ ಬಂದವು. ನೆನಪು ಮಾತ್ರ ಅಷ್ಟು ಕೆಟ್ಟಿರಲಿಲ್ಲ. ಐದು ನಿಮಿಷದ ಹಿಂದೆ ಹೇಳಿದ ಹೆಸರನ್ನು ಸಣ್ಣ ಸುಳಿವು ಕೊಟ್ಟರೆ ಹೇಳುತ್ತಿದ್ದರು. ಅಲ್ಜೈಮರ್ಸ್‌ನಲ್ಲಿ ಸುಳಿವೂ ಹೆಚ್ಚು ನೆರವಾಗುವುದಿಲ್ಲ.

ಪ್ರೊಗ್ರೆಸ್ಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ, ಸಂಕ್ಷೇಪದಲ್ಲಿ ಪಿಎಸ್‌ಪಿ ಎಂಬುದು ಈ ಕಾಯಿಲೆಯ ಹೆಸರು. ಟೊರೊಂಟೊದ ಸ್ಟೀಲ್, ರಿಚರ್ಡ್‌ಸನ್ ಮತ್ತು ಒಲ್ಶೆವ್‌ಸ್ಕಿ ಒಂಬತ್ತು ರೋಗಿಗಳನ್ನಿಟ್ಟುಕೊಂಡು 1964ರಲ್ಲಿ ಇದನ್ನು ವಿವರಿಸಿದರು. ಒಂದು ವರ್ಷದ ಅಂತರದಲ್ಲಿ ವೈದ್ಯಸಾಹಿತ್ಯಕ್ಕೆ ಬಂದ ಈ ಎರಡು ಕಾಯಿಲೆಗಳು ಆಗಿನಿಂದ ಒಂದರ ವೇಷ ಇನ್ನೊಂದು ಹಾಕುತ್ತಲೇ ಇವೆ. ಪಿಎಸ್‌ಪಿಯಲ್ಲಿ ಟಾವ್ ಎಂಬ ಪ್ರೋಟೀನ್ ನರಕೋಶಗಳಲ್ಲಿ ಸಿಕ್ಕುಗಟ್ಟುತ್ತ, ಮಧ್ಯಮಿದುಳು ಮತ್ತು ಅದರ ಸುತ್ತಲಿನ ನರಕೋಶಗಳ ಗಂಟುಗಳು ಸವೆಯುತ್ತವೆ. ಮುಂಭಾಗದ ಮಿದುಳಿನ ಸಂಪರ್ಕ ಕಡಿದು ನಡಿಗೆ, ಮೂತ್ರ, ಯೋಚನೆಯ ವೇಗ ಮೂರೂ ಕೆಡುತ್ತವೆ. ಎನ್‌ಪಿಎಚ್‌ನಲ್ಲಿ ಹಿಗ್ಗಿದ ಕುಹರ ಕೆಡಿಸುವುದೂ ಹೆಚ್ಚುಕಡಿಮೆ ಅದೇ ಸಂಪರ್ಕಗಳನ್ನೇ. ಸವೆದ ಜಾಗವನ್ನು ದ್ರವ ತುಂಬಿಕೊಳ್ಳುವುದರಿಂದ ಕುಹರವೂ ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಮೂರು ಲಕ್ಷಣಗಳ ಜೊತೆ ದೊಡ್ಡ ಕುಹರ ಸಿಕ್ಕಿತೆಂದರೆ ನಿರ್ಣಯ ಮುಗಿಯಿತು ಎನ್ನುವಂತಿಲ್ಲ.

ಅದೇ ರಾತ್ರಿ ಎಂಟು ತಿಂಗಳ ಹಿಂದಿನ, ಷಂಟ್‌ಗೂ ಮೊದಲಿನ ಎಂಆರ್‌ಐ ಮತ್ತೆ ತೆರೆದೆ. ತಲೆಯನ್ನು ಮೂಗಿನ ನೇರಕ್ಕೆ ಎರಡಾಗಿ ಸೀಳಿದಂತೆ ತೋರಿಸುವ ಮಧ್ಯದ ಚಿತ್ರದಲ್ಲಿ ಮಧ್ಯಮಿದುಳಿನ ಮೇಲಂಚು ಉಬ್ಬಿರುವುದರ ಬದಲು ಒಳಕ್ಕೆ ಕುಸಿದು, ಅದರ ಕೆಳಗಿನ ಪಾನ್ಸ್ ಎಂಬ ಮಿದುಳುಕಾಂಡದ ಭಾಗ ದುಂಡಗೆ ಉಳಿದಿತ್ತು. ಪುಸ್ತಕಗಳಲ್ಲಿ ಇದಕ್ಕೆ ಹಮ್ಮಿಂಗ್‌ಬರ್ಡ್ ಗುರುತು ಎನ್ನುತ್ತಾರೆ. ಆ ಹಕ್ಕಿ ನಮ್ಮಲ್ಲಿಲ್ಲ. ತೋಟದ ಹೂವಿಗೆ ಬರುವ ಸೂರಕ್ಕಿಯನ್ನು ನೆನೆಸಿಕೊಂಡರೂ ಸಾಕು, ಸಣ್ಣ ತಲೆ, ಉದ್ದ ಕೊಕ್ಕು, ದುಂಡು ಹೊಟ್ಟೆ. ಅಳೆದೆ. ಮಧ್ಯಮಿದುಳು 61 ಚದರ ಮಿ.ಮೀ., ಪಾನ್ಸ್ 480, ಅನುಪಾತ 0.13ರ ಹತ್ತಿರ. ಜಪಾನಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮಧ್ಯಮಿದುಳಿನ ಸರಾಸರಿ ವಿಸ್ತೀರ್ಣ ಆರೋಗ್ಯವಂತರಲ್ಲಿ 118ರ ಸುಮಾರಿಗೆ, ಪಿಎಸ್‌ಪಿ ರೋಗಿಗಳಲ್ಲಿ 56ರ ಸುಮಾರಿಗೆ ಇತ್ತು. ಎಲ್ಲವೂ ಆ ಹಳೆಯ ಚಿತ್ರದಲ್ಲೇ ಇತ್ತು. ನಾನು ಅಡ್ಡ ಸೀಳಿದ ಚಿತ್ರಗಳಲ್ಲಿ ಕುಹರ ಅಳೆದು ಫಿಲ್ಮನ್ನು ಕವರಿಗೆ ಹಾಕಿದ್ದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ನಿಜವಾದ ಎನ್‌ಪಿಎಚ್‌ನಲ್ಲೂ ಹಿಗ್ಗಿದ ಕುಹರ ಮೇಲಿನಿಂದ ಒತ್ತಿ ಮಧ್ಯಮಿದುಳನ್ನು ಚಪ್ಪಟೆ ಮಾಡಬಲ್ಲದು. ಆದ್ದರಿಂದ ಹಕ್ಕಿ ಕಂಡ ಮಾತ್ರಕ್ಕೆ ಪಿಎಸ್‌ಪಿ ಎಂದರೆ ತಪ್ಪು ಇನ್ನೊಂದು ದಿಕ್ಕಿಗೆ ಆಗುತ್ತದೆ. ಪಿಎಸ್‌ಪಿಗಾಗಿ 2017ರಲ್ಲಿ ಚಲನಾ ಕಾಯಿಲೆಗಳ ಅಂತರರಾಷ್ಟ್ರೀಯ ಸಂಘ ಹೊರತಂದ ಮಾನದಂಡಗಳು ಕಾಯಿಲೆ ಶುರುವಾದ ಮೂರು ವರ್ಷದೊಳಗಿನ ಕಾರಣವಿಲ್ಲದ ಬೀಳುವಿಕೆ ಮತ್ತು ಕಣ್ಣಿನ ಮೇಲೆ-ಕೆಳಗಿನ ಚಲನೆಯ ದೋಷ, ಇವೆರಡಕ್ಕೂ ದೊಡ್ಡ ತೂಕ ಕೊಡುತ್ತವೆ. ಮೇಷ್ಟ್ರಲ್ಲಿ ಎರಡೂ ಸ್ಪಷ್ಟವಾಗಿದ್ದವು. ಅದೇ ಮಾನದಂಡಗಳು ಸ್ಕ್ಯಾನಿನಲ್ಲಿ ಎನ್‌ಪಿಎಚ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ ಎಂದೂ ಹೇಳುತ್ತವೆ. ಒಂದನ್ನು ಹೇಳಲು ಇನ್ನೊಂದನ್ನು ತಳ್ಳಿಹಾಕಬೇಕು, ತಳ್ಳಿಹಾಕಲು ಇರುವ ಸಾಧನ ಎರಡಕ್ಕೂ ಒಂದೇ ಚಿತ್ರ. ಕೊನೆಗೆ ತೀರ್ಮಾನಿಸುವುದು ರೋಗಿಯ ಕಣ್ಣು ಮತ್ತು ಬಿದ್ದ ದಿಕ್ಕು.

ಉಳಿದ ಸಾಧ್ಯತೆಗಳನ್ನೂ ನೋಡಿದೆ. ಪಾರ್ಕಿನ್ಸನ್ಸ್‌ಗೆ ಕೊಡುವ ಲೆವೊಡೋಪಾವನ್ನು ದಿನಕ್ಕೆ 900 ಮಿ.ಗ್ರಾಂ. ತನಕ ಏರಿಸಿ ಎರಡು ತಿಂಗಳು ಕೊಟ್ಟರೂ ಗುಣ ಕಾಣಲಿಲ್ಲ, ಹಾಗಾಗಿ ಪಾರ್ಕಿನ್ಸನ್ಸ್ ದೂರವಾಯಿತು. ಇಲ್ಲದ ಜನ ಕಾಣುವುದು, ದಿನಕ್ಕೊಂದು ರೀತಿ ಇರುವುದು, ನಿದ್ದೆಯಲ್ಲಿ ಕೈಕಾಲು ಬಡಿಯುವುದು ಇರಲಿಲ್ಲ, ಆದ್ದರಿಂದ ಲೂಯಿ ಬಾಡಿ ಕಾಯಿಲೆಯ ಸಂಭವ ಕಡಿಮೆ. ನಿಂತಾಗ ರಕ್ತದೊತ್ತಡ ಇಳಿಯುತ್ತಿರಲಿಲ್ಲ, ಮೂತ್ರಕೋಶದಲ್ಲಿ ಮೂತ್ರ ಉಳಿಯುತ್ತಿರಲಿಲ್ಲ. ಮಲ್ಟಿಪಲ್ ಸಿಸ್ಟಮ್ ಅಟ್ರೊಫಿ ಎಂಬ ಇನ್ನೊಂದು ನರಕಾಯಿಲೆಗೆ ಇದು ಒಪ್ಪುವುದಿಲ್ಲ. ಸಣ್ಣ ರಕ್ತನಾಳಗಳ ಕಾಯಿಲೆ ಎನ್‌ಪಿಎಚ್‌ನ ವೇಷ ಬಹಳ ಸಲ ಹಾಕುತ್ತದೆ, ಆದರೆ ಇವರ ಬಿಳಿ ಭಾಗದ ಚುಕ್ಕೆಗಳು ಇಷ್ಟು ತೊಂದರೆಗೆ ಸಾಲುತ್ತಿರಲಿಲ್ಲ, ಕೆಳನೋಟವನ್ನಂತೂ ವಿವರಿಸುತ್ತಿರಲಿಲ್ಲ.

ಹಾಗಾದರೆ ಟ್ಯಾಪ್ ಪರೀಕ್ಷೆಯಲ್ಲಿ ಏಕೆ ಸುಧಾರಿಸಿದರು?

ಈ ಪ್ರಶ್ನೆಗೆ ನನ್ನ ಬಳಿ ಒಂದೇ ಉತ್ತರವಿಲ್ಲ. ಎರಡನೆಯ ಸಲ ನಡೆಯುವಾಗ ದಾರಿ ಪರಿಚಯವಾಗಿರುತ್ತದೆ. ಮಗಳು ವಿಡಿಯೊ ಹಿಡಿದು ನಿಂತಿರುತ್ತಾರೆ. ಎಲ್ಲರೂ 'ಈಗ ನಡೀರಿ ನೋಡೋಣ' ಎಂದು ಹುರಿದುಂಬಿಸುತ್ತಾರೆ. ಪಿಎಸ್‌ಪಿ ರೋಗಿಯ ನಡಿಗೆ ಬೆಳಿಗ್ಗೆಗೂ ಸಂಜೆಗೂ ಬದಲಾಗುತ್ತದೆ, ಗಮನ ಕೊಟ್ಟು ನಡೆದರೆ ತುಸು ಉತ್ತಮವಾಗುತ್ತದೆ. ನಾವು ಮೊದಲು ಒಂದೇ ಸಲ, ನಂತರ ಒಂದೇ ಸಲ ನಡೆಸಿದ್ದೆವು. ಮೂರು ಮೂರು ಸಲ ನಡೆಸಿ ಸರಾಸರಿ ತೆಗೆದಿದ್ದರೆ ಐದು ಸೆಕೆಂಡಿನ ಅಂತರ ಉಳಿಯುತ್ತಿತ್ತೋ ಇಲ್ಲವೋ. ದೊಡ್ಡ ಕುಹರದ ದ್ರವ ಇಳಿದಾಗ ಸವೆದ ಮಿದುಳಿಗೂ ಕೆಲಕಾಲ ಹಗುರವಾಗುವ ಸಾಧ್ಯತೆಯನ್ನೂ ತಳ್ಳಿಹಾಕಲಾರೆ. ಎನ್‌ಪಿಎಚ್ ಎಂದು ಚಿಕಿತ್ಸೆ ಪಡೆದು ತೀರಿಕೊಂಡವರ ಮಿದುಳಿನಲ್ಲಿ ಪಿಎಸ್‌ಪಿ ಕಂಡ ಪ್ರಕರಣಗಳನ್ನು ಲಂಡನ್ನಿನ ವೈದ್ಯರು 2013ರಲ್ಲಿ ಪ್ರಕಟಿಸಿದ್ದಾರೆ. ಆರಂಭದ ಸುಧಾರಣೆ ಕೆಲ ತಿಂಗಳಲ್ಲಿ ಕರಗಿಹೋಗುವುದು ಹೀಗೆ ತಪ್ಪಿದ ರೋಗಿಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ.

ಇದನ್ನು ಓದಿದವರು ಷಂಟ್ ಎಂದರೇ ಬೇಡ ಎಂದುಕೊಳ್ಳಬಾರದು. 2025ರಲ್ಲಿ ಪ್ರಕಟವಾದ, 99 ರೋಗಿಗಳ ಪ್ರಯೋಗವೊಂದರಲ್ಲಿ ಎಲ್ಲರಿಗೂ ಷಂಟ್ ಹಾಕಿ, ಅರ್ಧದಷ್ಟು ಜನರ ವಾಲ್ವನ್ನು ಗುಟ್ಟಾಗಿ ಮುಚ್ಚಿದಂತೆಯೇ ಇಟ್ಟರು. ಮೂರು ತಿಂಗಳಿಗೆ ತೆರೆದ ವಾಲ್ವಿನವರ ನಡಿಗೆ ಸೆಕೆಂಡಿಗೆ 0.23 ಮೀಟರ್ ವೇಗ ಹೆಚ್ಚಿಸಿಕೊಂಡಿತ್ತು, ಮುಚ್ಚಿದವರದ್ದು 0.03. ಬೀಳುವುದೂ ತೆರೆದವರಲ್ಲಿ ಕಡಿಮೆ. ಹೊರಪೊರೆಯ ಕೆಳಗಿನ ರಕ್ತಸ್ರಾವ ಮಾತ್ರ ತೆರೆದವರಲ್ಲಿ ಶೇ. 12, ಮುಚ್ಚಿದವರಲ್ಲಿ ಶೇ. 2. ಸರಿಯಾದ ರೋಗಿಗೆ ಈ ಲಾಭ ಆ ಅಪಾಯಕ್ಕೆ ತಕ್ಕದ್ದೇ. ಮೇಷ್ಟ್ರು ಅಪಾಯವನ್ನಷ್ಟೇ ಪಡೆದರು.

ನಂತರ

ಮನೆಯವರಿಗೆ ಹೇಳುವುದು ಸುಲಭವಿರಲಿಲ್ಲ. ಮಗಳು, ಅಳಿಯ, ಮೇಷ್ಟ್ರು ಮೂವರನ್ನೂ ಕೂರಿಸಿ, ಮೊದಲು ಹೇಳಿದ ಕಾಯಿಲೆ ಇದಲ್ಲ, ಈಗ ಕಂಡದ್ದು ಮೊದಲೇ ಕಾಣಬೇಕಿತ್ತು ಎಂದೆ. ಕಾಯಿಲೆಯ ಓಟ ನಿಲ್ಲಿಸುವ ಔಷಧ ಇಲ್ಲವೆಂದೂ, ಮುಂದೆ ನುಂಗುವುದು ಕಷ್ಟವಾಗಬಹುದೆಂದೂ ಹೇಳಿದೆ. ಅಳಿಯ ಸಿಟ್ಟಾದರು, ಅದು ನ್ಯಾಯವೇ ಆಗಿತ್ತು. ಷಂಟನ್ನು ತೆಗೆಯಲು ಮತ್ತೊಂದು ಶಸ್ತ್ರಚಿಕಿತ್ಸೆ ಬೇಡವೆಂದು ನಿರ್ಧರಿಸಿ ವಾಲ್ವನ್ನು ಅತಿ ಹೆಚ್ಚಿನ ಒತ್ತಡಕ್ಕೆ ಏರಿಸಿ ಬಿಟ್ಟೆವು. ಪ್ರತಿ ಎಂಆರ್‌ಐ ನಂತರ ಆ ಅಂಕಿ ಬದಲಾಗಿಲ್ಲವೇ ಎಂದು ನೋಡಬೇಕು. ಲೆವೊಡೋಪಾ ನಿಲ್ಲಿಸಿದೆವು. ಒಣಗಿದ ಕಣ್ಣಿಗೆ ಹನಿ, ಹಿಂದಕ್ಕೆ ವಾಲದಂತೆ ಮುಂದೆ ಭಾರ ಕಟ್ಟಿದ ವಾಕರ್, ಬಚ್ಚಲುಮನೆಗೆ ಹಿಡಿಕೆ, ನೀರು-ಕಾಫಿ ಕೆಮ್ಮು ತರಿಸಿದರೆ ಗಟ್ಟಿ ರಾಗಿ ಗಂಜಿ.

ಊಟಕ್ಕೆ ಎದೆಯ ಎತ್ತರದ ಮೇಜು ಮಾಡಿಸಿದರು. ಬಾಳೆ ಎಲೆಯ ಬದಲು ಅಂಚಿರುವ ತಟ್ಟೆ. ಮುಂದಿನ ಭೇಟಿಯಲ್ಲಿ ಪಂಚೆ ಸ್ವಚ್ಛವಾಗಿತ್ತು. ಹೊರಡುವಾಗ ಮಗಳು ಬಾಗಿಲ ಬಳಿ ನಿಂತು, "ಆಪರೇಷನ್ ಮಾಡಿಸದೇ ಇದ್ದಿದ್ರೆ ಅಪ್ಪಯ್ಯ ಈಗ ಇದಕ್ಕಿಂತ ಚೆನ್ನಾಗಿರ್ತಿದ್ರಾ ಡಾಕ್ಟ್ರೇ?" ಎಂದು ಕೇಳಿದರು. ಕಾಯಿಲೆ ಇಷ್ಟೇ ಮುಂದುವರಿದಿರುತ್ತಿತ್ತು, ಆದರೆ ಆ ರಕ್ತಸ್ರಾವವೂ ಎಂಟು ತಿಂಗಳ ಓಡಾಟವೂ ತಪ್ಪುತ್ತಿದ್ದವು ಎಂದೆ. ಅವರು ತಲೆಯಾಡಿಸಿ ಅಪ್ಪನ ತೋಳು ಹಿಡಿದು ಮೆಟ್ಟಿಲ ಕಡೆ ಹೋಗಿ, ಹಿಂದುಮುಂದಾಗಿ ನಿಂತು, ಒಂದೊಂದೇ ಮೆಟ್ಟಿಲನ್ನು ಬಾಯಲ್ಲಿ ಎಣಿಸುತ್ತ ಅವರನ್ನು ಇಳಿಸಿಕೊಂಡು ಹೋದರು.